ಊರೇ ಕಾಯ್ದ ಹಕ್ಕಿಗಳು: ಕೊಕ್ಕರೆ ಬೆಳ್ಳೂರಿನ ಕಥೆ



1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ ಸಂಗತಿ ನಮಗೆಲ್ಲ ಗೊತ್ತೇ ಇದೆ. ಹಣಕಾಸಿನಲ್ಲಿ ಮಾತ್ರವಲ್ಲ, ಗಿಡ-ಹಕ್ಕಿಗಳ ವಿಷಯದಲ್ಲೂ ಹತ್ತು ಜನ ಕೂಡಿ ನಡೆದ ಊರೊಂದಿದೆ. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಅದರ ಇತಿಹಾಸ ನೆನೆಯುವುದು ಯೋಗ್ಯವೆಂದು ಭಾವಿಸಿದ್ದೇವೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಶಿಂಷಾ ನದಿಯ ಸಮೀಪದ ಈ ಊರು ಅಡವಿಯಲ್ಲ, ನಮ್ಮಂಥದೇ ಒಕ್ಕಲುತನದ ಹಳ್ಳಿ. ಮನೆಗಳ ನಡುವಿನ ಹುಣಸೆ, ಆಲ, ಅರಳಿ ಗಿಡಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮರಿ ಬೆಳೆಸಿಕೊಂಡು, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರ ಭಾವನೆ. ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರಿಂದ ಈ ತಾಣ ಹೊರಜಗತ್ತಿಗೆ ತಿಳಿಯಿತು.

ಆದರೆ ಭಾವನೆಯೊಂದರಿಂದಲೇ ಗಿಡ ಉಳಿಯೋದಿಲ್ಲ. ಇದರಲ್ಲೂ ಜಮಾ-ಖರ್ಚು ಇದೆ. ಹಕ್ಕಿ ಕೂತ ಹುಣಸೆಗೆ ಫಸಲು ಕಡಿಮೆ, ಅಂಗಳದ ತುಂಬ ಹಿಕ್ಕೆ, ಮೀನಿನ ವಾಸನೆ. ಗಿಡದ ಕೆಳಗೆ ಗುಂಡಿ ತೋಡಿ, ಆ ಹಿಕ್ಕೆಯನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹಾಕಿದ್ದು ರೈತರ ಜಾಣತನ. ಆದರೂ ಅಡಚಣೆ ಬಂದಾಗ ಹುಣಸೆಗಿಡ ಮಾರಿದರೆ ಕೈಗೆ ದುಡ್ಡು ಬರುತ್ತದೆ. ಸಂತೋಷ ಊರಿಗೆಲ್ಲ, ನಷ್ಟ ಮಾತ್ರ ಗಿಡದ ಒಡೆಯನಿಗೆ ಅಂದರೆ ಅದು ನ್ಯಾಯವೇ? ಇದನ್ನು ಅರಿತೇ ಅರಣ್ಯ ಇಲಾಖೆ ಗೂಡಿರುವ ಗಿಡಗಳ ಒಡೆಯರಿಗೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬದುಕಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 'ಸಮುದಾಯ ಮೀಸಲು' ಎಂಬ ವ್ಯವಸ್ಥೆ ಬಂತು. ಆ ಪ್ರಕಾರ 2007ರಲ್ಲಿ ಕೊಕ್ಕರೆ ಬೆಳ್ಳೂರಿನ ಸುಮಾರು 312 ಹೆಕ್ಟೇರ್ ಪ್ರದೇಶ ಸಮುದಾಯ ಮೀಸಲಾಯಿತು. ಇದರಲ್ಲಿ ಭೂಮಿಯ ಒಡೆತನ ಜನರಲ್ಲೇ ಉಳಿಯುತ್ತದೆ. ಆಗಿನ ನಿಯಮದಂತೆ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿ ಸೂಚಿಸಿದ ಐವರು ಇರಬೇಕಿತ್ತು, ಇಲಾಖೆಯವರು ಒಬ್ಬರು. ಒಂದು ರೀತಿ ನಮ್ಮ ಆಡಳಿತ ಮಂಡಳಿಯಿದ್ದಂತೆ ಅನ್ನಿ.

ಇಷ್ಟಾದರೂ ಆತಂಕ ತಪ್ಪಲಿಲ್ಲ. 2017-18ರ ಹಂಗಾಮಿನಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತವು; ಪರೀಕ್ಷೆಯಲ್ಲಿ ದುಂಡುಹುಳುಗಳು ಕಂಡವು. ಗೂಡು ಊರಲ್ಲಿದ್ದರೂ ಹಕ್ಕಿಯ ಅನ್ನ ದೂರದ ಕೆರೆ-ಹೊಳೆಗಳಲ್ಲಿದೆ. ಅವು ಕೆಟ್ಟರೆ ಒಂದೂರಿನ ಕಾವಲು ಸಾಲದು. ನೆರೆಯ ಊರುಗಳೂ ಕೈಗೂಡಿಸಬೇಕು.

ನಮ್ಮ ಕಲ್ಮಲದ ಎರೆಹೊಲದ ಬದುವಿನಲ್ಲೂ ಬೇವು, ಹುಣಸೆ ಇವೆ. "ನನ್ನ ಗಿಡ, ಕಡಿದರ ಯಾರಿಗೇನು?" ಅನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ಹಾಗನ್ನುವವನನ್ನು ಬೈದರೆ ಫಲವಿಲ್ಲ. ಅವನ ನಷ್ಟದಲ್ಲಿ ನಮ್ಮ ಪಾಲೆಷ್ಟು ಅಂತ ಮೊದಲು ಕೇಳಿಕೊಳ್ಳೋಣ. ಸಾಲದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು, ಒಂದು ಗಿಡಕ್ಕೂ ಜಾಮೀನು ನಿಲ್ಲಬಾರದೇಕೆ?