ಸಹಲೇಖಕ

ಸಂಸ್ಕೃತದ ‘ಲಿಖ್’ ಧಾತುವಿನ ಮೂಲ ಅರ್ಥ ಗೀರು, ಕೆರೆ. ಗೀರುವವನು ಲೇಖಕ, ಜೊತೆಗೊಬ್ಬ ಕೂತು ಗೀರಿದರೆ ಸಹಲೇಖಕ. ‘ಸಹ’ ಸೇರಿದ ಬಂಧುಬಳಗ ಕನ್ನಡದಲ್ಲಿ ದೊಡ್ಡದು: ಒಂದೇ ಉದರದಿಂದ ಬಂದ ಸಹೋದರ, ಸಹಪಾಠಿ, ಸಹಧರ್ಮಿಣಿ. ಆದರೆ ಬಿಡಿಯಾಗಿ ನಿಂತಾಗ ಅದೇ ‘ಸಹ’ಕ್ಕೆ ‘ಕೂಡ’ ಎಂಬ ಅರ್ಥ. ಹಾಗಾಗಿ ಸಹಲೇಖಕನೆಂದರೆ ‘ಇವನೂ ಇದ್ದ’ ಎಂಬ ಧ್ವನಿ ಹೊರಡುವುದುಂಟು. ಅದು ಅನ್ಯಾಯ.

ರಾಜ್ಯಶಾಸ್ತ್ರದಲ್ಲಿ ಈ ಪದಕ್ಕೆ ಕೆಲಸ ಹೆಚ್ಚು. ಲಾಯ್ಡ್ ಮತ್ತು ಸುಸಾನ್ ರುಡಾಲ್ಫ್ ದಂಪತಿ 1967ರಲ್ಲಿ ‘ದಿ ಮಾಡರ್ನಿಟಿ ಆಫ್ ಟ್ರೆಡಿಷನ್’ ಬರೆದರು. 2014ರಲ್ಲಿ ಪದ್ಮಭೂಷಣವೂ ಇಬ್ಬರಿಗೂ ಬಂತು. ಸಹಧರ್ಮಿಣಿಯೇ ಸಹಲೇಖಕಿ! ಕರ್ನಾಟಕದ ರಾಜಕಾರಣ ಕುರಿತ 2009ರ ‘ಬ್ರಾಡನಿಂಗ್ ಅಂಡ್ ಡೀಪನಿಂಗ್ ಡೆಮಾಕ್ರಸಿ’ಯಲ್ಲಿ ಪತ್ರಕರ್ತ ಇ. ರಾಘವನ್ ಮತ್ತು ರಾಜ್ಯಶಾಸ್ತ್ರಜ್ಞ ಜೇಮ್ಸ್ ಮೇನರ್ ಜೊತೆಯಾದರು.

ಇಬ್ಬರಾದರೆ ಸರಿ. 1960ರ ‘ದಿ ಅಮೆರಿಕನ್ ವೋಟರ್’ಗೆ ನಾಲ್ವರು ಲೇಖಕರು: ಕ್ಯಾಂಪ್‌ಬೆಲ್, ಕಾನ್ವರ್ಸ್, ಮಿಲ್ಲರ್, ಸ್ಟೋಕ್ಸ್. ಉಲ್ಲೇಖಗಳಲ್ಲಿ ಉಳಿಯುವುದು ಹೆಚ್ಚಾಗಿ ‘ಕ್ಯಾಂಪ್‌ಬೆಲ್ ಮತ್ತಿತರರು’. ಮೂವರು ಘಟಾನುಘಟಿಗಳು ಒಂದು ‘ಮತ್ತಿತರರು’ವಿನೊಳಗೆ ಮಾಯ.

ಈಚಿನ ಸಂಶೋಧಕರು ಸಹಲೇಖನದ ಜಾಲವನ್ನೇ ಬಿಡಿಸುತ್ತಾರೆ. ಪ್ರತಿ ಲೇಖಕ ಒಂದು ಚುಕ್ಕಿ, ಜೊತೆಗೆ ಬರೆದವರ ನಡುವೆ ಒಂದು ಗೆರೆ. ಥೇಟ್ ರಂಗೋಲಿ, ಆದರೆ ಗೆರೆ ತಾಗದ ಒಂಟಿ ಚುಕ್ಕಿಗಳೂ ಇದರಲ್ಲುಂಟು. ಗೆರೆ ಎಳೆಯುವುದಕ್ಕೂ ಅಕ್ಷರ ಮೂಡಿಸುವುದಕ್ಕೂ ಕನ್ನಡದ ಕ್ರಿಯಾಪದ ಒಂದೇ, ‘ಬರೆ’.