ಹಿಮಚಂದ್ರರ ಮೇಲಣ ಪ್ರಾಣವಾಯು



ಪ್ರಾಣವಾಯುವೆಂದೊಡನೆ ನಮಗೆ ಗಿಡಮರಗಳೂ ಜೀವರಾಶಿಯೂ ನೆನಪಿಗೆ ಬರುತ್ತವೆ. ಆದರೆ ಹುಲ್ಲುಕಡ್ಡಿಯೂ ಬೆಳೆಯದ, ಸೊನ್ನೆಗಿಂತ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದ ಹಿಮಗೋಳಗಳ ಮೇಲೆಯೂ ಆ ವಾಯುವುಂಟು. ಅದನ್ನು ಮಾನವನು ಅರಿತ ಚರಿತ್ರೆ ಮನನಯೋಗ್ಯವಾದುದು.

1610ರ ಜನವರಿಯಲ್ಲಿ ಗೆಲಿಲಿಯೊ ದೂರದರ್ಶಕದಿಂದ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡನು. ಅವುಗಳಲ್ಲಿ ಯುರೋಪಾ, ಗ್ಯಾನಿಮೀಡ್‌ಗಳ ಮೈಯೆಲ್ಲ ನೀರ್ಗಲ್ಲು. 1972ರ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿತು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದಲೂ ಜಾವಾದಿಂದಲೂ ಆ ಘಟನೆಯನ್ನು ಅಳೆದರು. ಜೆ. ಸಿ. ಭಟ್ಟಾಚಾರ್ಯರೂ ಆ ತಂಡದಲ್ಲಿದ್ದರು. ನಕ್ಷತ್ರದ ಬೆಳಕು ಥಟ್ಟನೆ ಆರದೆ ಕ್ರಮೇಣ ಕುಂದಿದಂತೆ ತೋರಿದುದರಿಂದ, ಭೂಮಿಯ ಒತ್ತಡದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟಾದರೂ ವಾಯುಮಂಡಲ ಅಲ್ಲಿರಬೇಕೆಂದು ಅವರು ತರ್ಕಿಸಿದರು. ಆದರೆ 1979ರಲ್ಲಿ ವಾಯೇಜರ್-1 ನೌಕೆಯ ನೇರಳಾತೀತ ಪರೀಕ್ಷೆ, ವಾಯುವಿದ್ದರೂ ಅದಕ್ಕಿಂತ ಸಾವಿರಾರು ಪಟ್ಟು ವಿರಳವೆಂದು ತೋರಿಸಿತು.

ಇಷ್ಟು ವಿರಳವಾದ ವಾಯುವಿಗೆ ಮೂಲವಾವುದು? ಉತ್ತರ ದೊರೆತುದು ಪ್ರಯೋಗಶಾಲೆಯಲ್ಲಿ. 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮಂಜುಗಡ್ಡೆಯ ಮೇಲೆ ವೇಗವಾದ ವಿದ್ಯುತ್ಕಣಗಳನ್ನು ಹಾಯಿಸಿ, ಒಂದೊಂದು ಕಣವೂ ಅನೇಕ ಅಣುಗಳನ್ನು ಸಿಡಿಸುವುದನ್ನು ಕಂಡರು. ಗುರುಗ್ರಹದ ಬಳಿ ನಡೆಯುವುದೂ ಇದೇ. ಹತ್ತು ಗಂಟೆಗೂ ಕಡಿಮೆ ಕಾಲದಲ್ಲಿ ತಿರುಗುವ ಆ ಗ್ರಹದ ಕಾಂತಕ್ಷೇತ್ರವು ವಿದ್ಯುತ್ಕಣಗಳನ್ನು ತನ್ನೊಡನೆ ಸೆಳೆದೊಯ್ಯುತ್ತದೆ. ಅವು ಹಿಮವನ್ನು ಎಡೆಬಿಡದೆ ತಾಡಿಸುತ್ತವೆ. ನೀರಿನ ಅಣು ಒಡೆಯುತ್ತದೆ. ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಪಾರಾಗುತ್ತದೆ. ಸಿಡಿದ ನೀರಾವಿ ಮರಳಿ ಹೆಪ್ಪುಗಟ್ಟುತ್ತದೆ. ಆ ಶೈತ್ಯದಲ್ಲಿಯೂ ಹೆಪ್ಪುಗಟ್ಟದ ಆಮ್ಲಜನಕ ಮಾತ್ರ ತೆಳುಮುಸುಕಾಗಿ ಉಳಿಯುತ್ತದೆ. 1982ರಲ್ಲಿಯೇ ವಿಜ್ಞಾನಿಗಳು ಹೀಗೆಂದು ಊಹಿಸಿದ್ದರು. 1995ರಲ್ಲಿ ಹಬಲ್ ದೂರದರ್ಶಕವು ಯುರೋಪಾದ ಮೇಲೆ ಆಮ್ಲಜನಕದ ನೇರಳಾತೀತ ಹೊಳಪನ್ನು ಗುರುತಿಸಿತು. 2010ರಲ್ಲಿ ಶನಿಯ ಚಂದ್ರ ರಿಯಾದ ಮೇಲೂ ಆಮ್ಲಜನಕವಿರುವುದನ್ನು ಕ್ಯಾಸಿನಿ ನೌಕೆ ತಿಳಿಸಿತು. ಯುರೋಪಾದಲ್ಲಿ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ ಆಮ್ಲಜನಕ ಉತ್ಪನ್ನವಾಗುತ್ತದೆಂದು, 2022ರ ಜೂನೋ ಅಳತೆಗಳಿಂದ 2024ರಲ್ಲಿ ಲೆಕ್ಕ ಹಾಕಲಾಯಿತು.

ಬಂಧುಗಳೇ, ಇಲ್ಲಿ ಎರಡು ಪಾಠಗಳಿವೆ. ಪ್ರಾಣವಾಯುವೆಂಬ ಹೆಸರಿದ್ದ ಮಾತ್ರಕ್ಕೆ ಅದು ಪ್ರಾಣಕ್ಕೆ ಸಾಕ್ಷಿಯಾಗದು. ಹೆಸರನ್ನು ನೆಚ್ಚದೆ ಹುಟ್ಟನ್ನು ಕೇಳಬೇಕು. ಮತ್ತೆ, ಕಾವಲೂರಿನಲ್ಲಿ ದುಡಿದವರ ಲೆಕ್ಕ ನಿಲ್ಲಲಿಲ್ಲ, ಆದರೆ ಅವರೆತ್ತಿದ ಪ್ರಶ್ನೆ ನಿಂತಿತು. ಕಂಡುದನ್ನು ಕಂಡಂತೆ ನುಡಿದು, ಮುಂದಿನವರ ತಿದ್ದುಪಡಿಗೆ ತೆರೆದಿಡುವ ಕಾಯಕವೂ ಸತ್ಯದ ಸೇವೆಯೇ ಅಲ್ಲವೇ?