ಬೇಡದ ಅಂಚೆಯೂ ಸರ್ವರಿನ ಬಾಗಿಲೂ

ವಿದ್ಯುನ್ಮಾನ ಅಂಚೆಯಲ್ಲಿ ಬೇಡದ ಪತ್ರಗಳ, ಎಂದರೆ ಸ್ಪ್ಯಾಮಿನ, ಹಾವಳಿಯು ಇಂಟರ್‌ನೆಟ್ಟು ಜನಸಾಮಾನ್ಯರ ಕೈಗೆ ಬಂದ ಮೇಲೆ ಹುಟ್ಟಿದುದೆಂಬ ಭಾವನೆ ರೂಢವಾಗಿದೆ. ಇದು ಸರಿಯಲ್ಲ. ಅಮೆರಿಕದ ಆರ್ಪಾನೆಟ್ ಜಾಲದ ನಿರ್ಮಾಪಕರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಅವರು 1975ರ ನವೆಂಬರಿನಲ್ಲಿಯೇ ಈ ವಿಷಯವಾಗಿ ಕಿರುಲೇಖವೊಂದನ್ನು ಹೊರಡಿಸಿದ್ದರು. ಬಂದ ಸಂದೇಶಗಳಲ್ಲಿ ಬೇಡವಾದುದನ್ನು ಆರಿಸಿ ನಿರಾಕರಿಸುವ ಉಪಾಯವು ಪಡೆಯುವ ಯಂತ್ರಕ್ಕಿಲ್ಲ. ಆದುದರಿಂದ ಅದು ಎಲ್ಲವನ್ನೂ ಓದಲೇಬೇಕಾಗುತ್ತದೆ ಎಂಬುದು ಅವರ ಆಕ್ಷೇಪದ ತಾತ್ಪರ್ಯ. 1978ರ ಮೇ ತಿಂಗಳಿನಲ್ಲಿ ಗಣಕಯಂತ್ರಗಳ ಮಾರಾಟಗಾರರೊಬ್ಬರು ಸುಮಾರು 400 ಮಂದಿಗೆ ಒಮ್ಮೆಗೇ ಕಳುಹಿಸಿದ ಜಾಹೀರಾತು ಆ ಆಕ್ಷೇಪಕ್ಕೆ ನಿದರ್ಶನವಾಯಿತು.

ಎರಿಕ್ ಆಲ್‌ಮನ್ನರ ಸೆಂಡ್‌ಮೇಲ್ ಪರಸ್ಪರ ವಿಶ್ವಾಸದ ಕಾಲದ ಕೃತಿ. ಯಾರು ತಂದ ಪತ್ರವನ್ನಾದರೂ ಯಾರಿಗಾದರೂ ಮುಟ್ಟಿಸುವುದು ಅದರ ಧರ್ಮವಾಗಿದ್ದಿತು. ಈ ಔದಾರ್ಯವನ್ನು ಜಾಹೀರಾತುಗಾರರು ಸೂರೆಗೊಂಡರು, 1998ರ 8.9ನೆಯ ಆವೃತ್ತಿಯಲ್ಲಿ ಅದಕ್ಕೆ ತಡೆ ಬಿದ್ದಿತು. ಅಷ್ಟರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಫಿಲಿಪ್ ಹೇಜಲ್ಲರ ಎಕ್ಸಿಮ್ (1995), ಡೇನಿಯಲ್ ಬರ್ನ್‌ಸ್ಟೈನರ ಕ್ಯೂಮೇಲ್ ಇವು ಬಂದಿದ್ದುವು. 1998ರಲ್ಲಿ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಬೆಳಕು ಕಂಡಿತು.

ಇವುಗಳಲ್ಲಿ ಒಂದನ್ನು ಆರಿಸುವವರು ವೇಗವನ್ನೂ ಭದ್ರತೆಯನ್ನೂ ನೋಡುವುದುಂಟು. ಆದರೆ ಸ್ಪ್ಯಾಮಿನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಬೇರೆ: ನಿರಾಕರಣೆ ಯಾವ ಘಟ್ಟದಲ್ಲಿ ನಡೆಯಬೇಕು? ಪತ್ರ ತಂದ ಸರ್ವರು ಮೊದಲು ಕಳುಹಿಸಿದವನ ವಿಳಾಸವನ್ನೂ ಬಳಿಕ ಪಡೆಯುವವನ ವಿಳಾಸವನ್ನೂ ಹೇಳಿ, ಕೊನೆಗೆ ಒಡಲನ್ನು ಒಪ್ಪಿಸುತ್ತದೆ. ಅಷ್ಟರೊಳಗೆ 550 ಎಂಬ ಸಂಖ್ಯೆಯಿಂದ ನಿರಾಕರಿಸಿದರೆ, ಕಳುಹಿಸಿದವನಿಗೆ ತಿಳಿಸುವ ಹೊಣೆ ತಂದ ಸರ್ವರಿನದು. ಒಡಲನ್ನು ಪಡೆದು 250 ಎಂದುಬಿಟ್ಟರೆ ಹೊಣೆ ಪಡೆದವರದು. ಕ್ಯೂಮೇಲಿನ ಮೂಲರೂಪವು, ಭದ್ರತೆಯಲ್ಲಿ ಶ್ಲಾಘ್ಯವಾದರೂ, ಪಡೆಯುವವನು ಇದ್ದಾನೆಯೇ ಎಂದು ವಿಚಾರಿಸದೆ ಪತ್ರವನ್ನು ಒಳಕ್ಕೆ ಬಿಟ್ಟುಕೊಂಡು ಆಮೇಲೆ ಹಿಂದಿರುಗಿಸುತ್ತಿದ್ದಿತು. ಸ್ಪ್ಯಾಮಿನಲ್ಲಿ ಕಳುಹಿಸಿದವನ ವಿಳಾಸ ಸಾಮಾನ್ಯವಾಗಿ ಸುಳ್ಳಾದುದರಿಂದ, ಹಿಂದಿರುಗಿದ ಪತ್ರಗಳು ಏನೂ ಅರಿಯದ ಮೂರನೆಯವನ ಮೇಲೆ ಬೀಳುತ್ತಿದ್ದುವು.

2001ರಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಹೊರಬಂದಿತು. ಮರುವರ್ಷ ಪಾಲ್ ಗ್ರಹಾಂ ಅವರ ಪ್ರಬಂಧದಿಂದ ಸಂಭಾವ್ಯತೆಯ ಗಣಿತ ಈ ಕೆಲಸದಲ್ಲಿ ಪ್ರಸಿದ್ಧವಾಯಿತು. 18ನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸನ ಸೂತ್ರವು ಜಾಹೀರಾತುಗಳನ್ನು ಸೋಸಲು ಒದಗಿದುದು ವಿನೋದವೇ ಸರಿ. ಇಂಥ ಎಣಿಕೆ ಒಮ್ಮೊಮ್ಮೆ ತಪ್ಪುವುದು ಅನಿವಾರ್ಯ. ಸ್ವೀಕರಿಸಿದ ಮೇಲೆ ಸದ್ದಿಲ್ಲದೆ ಎಸೆದ ಪತ್ರವು ಉದ್ಯೋಗದ ಕರೆಯಾಗಿರಬಹುದು, ಆಪ್ತರ ಮರಣವಾರ್ತೆಯಾಗಿರಬಹುದು. ಬರೆದವನಿಗೂ ಬರಬೇಕಾದವನಿಗೂ ಸುದ್ದಿಯೇ ಇಲ್ಲ. ಬಾಗಿಲಲ್ಲಿಯೇ ತಡೆದಿದ್ದರೆ ಬರೆದವನು ಬೇರೆ ದಾರಿ ಹುಡುಕುತ್ತಿದ್ದನು. 2005ರಲ್ಲಿ ಎಕ್ಸಿಮ್ 4.50 ಈ ಒಡಲಪರೀಕ್ಷೆಯನ್ನು ಬಾಗಿಲಲ್ಲಿಯೇ ನಡೆಸುವ ಸೌಕರ್ಯವನ್ನು ತನ್ನಲ್ಲಿ ಸೇರಿಸಿಕೊಂಡಿತು; 2006ರಲ್ಲಿ ಪೋಸ್ಟ್‌ಫಿಕ್ಸ್ 2.3 ಸೆಂಡ್‌ಮೇಲಿನ ‘ಮಿಲ್ಟರ್’ ಪದ್ಧತಿಯನ್ನು ಸ್ವೀಕರಿಸಿ ಅದೇ ದಾರಿ ಹಿಡಿಯಿತು. ಆದರೂ ಒಡಲನ್ನು ಪರೀಕ್ಷಿಸಬೇಕಾದರೆ ಅದನ್ನು ಪೂರ್ತಿಯಾಗಿ ಓದದೆ ಗತ್ಯಂತರವಿಲ್ಲ. ಪೋಸ್ಟೆಲ್ ಅವರ ಆಕ್ಷೇಪಕ್ಕೆ ಅಷ್ಟರಮಟ್ಟಿಗೆ ಇನ್ನೂ ಉತ್ತರ ದೊರೆತಿಲ್ಲ.